ಹನ್ನೊಂದು ಗುಳಿಗೆ

ಗಂಗಾವತಿಯ ದವಾಖಾನೆಯೊಂದರಲ್ಲಿ ಮೊನ್ನೆ ನನ್ನ ಸರದಿ ಯಾವಾಗ ಬರುತ್ತದೋ ಎಂದು ಚಡಪಡಿಸುತ್ತ ಕುಳಿತಿದ್ದೆ. ಒಳಗೆ ಯಾರಿಗೋ ಸೂಜಿ ಚುಚ್ಚುವ ಮುನ್ನ ಸ್ಪಿರಿಟ್ ಹಚ್ಚಿದರು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಳವಂಡಿಯಲ್ಲಿದ್ದೆ.

ಕೊಪ್ಪಳ ಜಿಲ್ಲೆಯಾಗಿ ಆಗಿನ್ನೂ ಒಂದೆರಡು ವರ್ಷ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ಭಾಷೆ ನನ್ನೆದುರು ಕೈಕಟ್ಟಿ ನಿಲ್ಲುತ್ತದೆಂಬ ಜಂಬ ಬೇರೆ. ಅಳವಂಡಿಯ ಶಾಲೆಯಲ್ಲಿ ವಾರವಿಡೀ ಆರೋಗ್ಯ ಶಿಬಿರ ನಡೆದಾಗ ದುಭಾಷಿಯಾಗಿ ನನ್ನನ್ನೇ ಕರೆದೊಯ್ದರು. ಡಾಕ್ಟರು ಮದ್ರಾಸಿನವರು, ಕನ್ನಡ ಬಾರದು. ಗುಳಿಗೆ ಕೊಡಲು ಕೂತವಳು ಮಾರ್ತಾ, ಸ್ಪೇನ್ ದೇಶದ ನರ್ಸ್. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ. ಬಾಯಿಗಿಂತ ಕೈಗಳೇ ಹೆಚ್ಚು ಮಾತಾಡುತ್ತಿದ್ದವು.

ಮೊದಲ ಸರದಿ ಹನಮವ್ವನದು. ತಳಕಲ್ಲಿನವಳು, ಮಗಳ ಮನೆಗೆಂದು ಬಂದಿದ್ದಳು. ರಕ್ತದೊತ್ತಡ ಏರಿತ್ತು. ಡಾಕ್ಟರು ಚೀಟಿ ಬರೆದರು. "ದಿನಕ್ಕೊಂದು ಗುಳಿಗಿ ನುಂಗಬೇಕವ್ವಾ" ಎಂದು ಹೇಳಿ ನಾನು ಮುಂದಿನವರತ್ತ ತಿರುಗಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅವಳ ದನಿ:

"ಯವ್ವಾ, ಇವು ಗುಳಿಗಿನೋ ಪುಟಾಣಿನೋ? ಎಲ್ಲಾ ಮುಕ್ಕು ಅಂತಾಳಲ್ಲ ಈಕಿ!"

ಅಂಗೈ ತುಂಬ ಗುಳಿಗೆ! ಮಾರ್ತಾ ನೀರಿನ ಲೋಟ ಹಿಡಿದು, ನುಂಗೆಂದು ಸನ್ನೆ ಮಾಡುತ್ತಿದ್ದಳು.

"ನುಂಗಬ್ಯಾಡವ್ವಾ!" ಎಂದು ಓಡಿಹೋಗಿ ಹನಮವ್ವನ ಕೈ ಹಿಡಿದೆ.

ಮಾರ್ತಾ ಚೀಟಿಯ ಮೇಲೆ ಬೆರಳಿಟ್ಟು "ಒನ್ಸೆ" ಎಂದಳು. ಹತ್ತೂ ಬೆರಳು ತೋರಿಸಿ, ಮತ್ತೊಂದು ಬೆರಳೆತ್ತಿದಳು. ಡಾಕ್ಟರು ಬರೆದದ್ದು ಇಂಗ್ಲಿಷಿನ 'ವನ್ಸ್', ಅಂದರೆ ಒಂದು ಸಲ. ಅವೇ ಅಕ್ಷರಗಳು ಅವಳ ಭಾಷೆಯಲ್ಲಿ ಹನ್ನೊಂದು! ವಿಷಯ ತಿಳಿದೊಡನೆ ಅವಳ ಮುಖ ಸುಣ್ಣವಾಯಿತು, ಕೂತಲ್ಲೇ ಅತ್ತಳು. ಹನಮವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಅಳಬ್ಯಾಡ ನನ್ನವ್ವಾ, ನಾ ಗಟ್ಟಿ ಅದೀನಿ. ಎಲ್ಲಿ, ನನ್ನಂಗ ಅನ್ನು: ಒಂದ ಒಂದು!"

"ಒಂದಾ ಒಂದೂ" ಎಂದಳು ಮಾರ್ತಾ, ಮೂಗೊರೆಸುತ್ತ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಕೊನೆಗೆ ಅವಳೂ. ಡಾಕ್ಟರು ಆ ಪದ ಬಿಟ್ಟು ಅಂಕಿ ಬರೆಯತೊಡಗಿದರು.

ಶಿಬಿರದ ಕೊನೆಯ ದಿನ, ಒತ್ತಡ ಇಳಿದ ಖುಷಿಗೆ ಹನಮವ್ವ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬಂದಳು. ಬಡಿಸಲು ಹೋದರೆ ಮಾರ್ತಾ ಕೈ ಅಡ್ಡ ಹಿಡಿದು, "ಒಂದಾ ಒಂದೂ!"

"ಅದು ಗುಳಿಗಿಗೆ ನನ್ನವ್ವಾ! ರೊಟ್ಟಿ ನಿನ್ನ ಲೆಕ್ಕದಾಗ ತಿನ್ನು!"

ನಾನು ನಗು ತಡೆಯುತ್ತ ಅನುವಾದಿಸಿದೆ. ಮಾರ್ತಾ ಹತ್ತೂ ಬೆರಳು ತೋರಿಸಿ, ಮತ್ತೊಂದು ಬೆರಳೆತ್ತಿ, ತಟ್ಟೆ ಮುಂದೆ ಚಾಚಿದಳು.

ಅಷ್ಟರಲ್ಲಿ ಗಂಗಾವತಿಯ ದವಾಖಾನೆಯವರು ನನ್ನ ಹೆಸರು ಕೂಗಿದರು. ಪಕ್ಕದಲ್ಲಿ ಮುದುಕರೊಬ್ಬರು ತಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಿದ್ದರು.

"ಮುಂದಿನವರನ್ನ ಕರೀರಿ" ಎಂದು ನಾನು ಅವರ ಹತ್ತಿರ ಸರಿದೆ. "ಯಜಮಾನ್ರ, ಡಾಕ್ಟ್ರು ಏನ್ ಹೇಳ್ಯಾರ? ನನಗೊಂದಿಷ್ಟು ತಿಳಿಸಿ ಹೇಳ್ರಿ ನೋಡೂಣು."