ಮಾಲತೇಶನ ವೈಫೈ ಮಡಿ

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ಮಾಲತೇಶನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮದ್ದು, ಒಳಗಿದ್ದದ್ದನ್ನೆಲ್ಲ ಅಳಿಸಿಹಾಕುವ ಫಾರ್ಮ್ಯಾಟ್. ಸ್ಪೀಕರ್ ಗೊರಗೊರ ಅಂದರೂ ಫಾರ್ಮ್ಯಾಟ್, ಅಡಿಕೆ ಮಂಡಿಯ ಧೂಳು ತುಂಬಿ ಫ್ಯಾನ್ ನಿಂತರೂ ಫಾರ್ಮ್ಯಾಟ್. ಅದಾದ ಮೇಲೆ ಕೊರಳಿಗೆ ತೂಗುಹಾಕಿಕೊಂಡ ಪೆನ್‌ಡ್ರೈವ್ ಚುಚ್ಚಿ, ಅದರೊಳಗಿನ ಡ್ರೈವರ್‌ಗಳನ್ನೆಲ್ಲ ಸುರಿಯುತ್ತಾನೆ. ಡ್ರೈವರ್ ಎಂದರೆ ಯಂತ್ರದ ಒಂದೊಂದು ಅಂಗಕ್ಕೂ ಕೆಲಸ ಹೇಳುವ ಸಾಫ್ಟ್‌ವೇರ್. ಆ ಪೆನ್‌ಡ್ರೈವಿಗೆ ಅವನು ಕೊಡುವ ಮರ್ಯಾದೆಯನ್ನು ಹೆಣ್ಣು ಕೊಟ್ಟ ಮಾವನಿಗೂ ಕೊಟ್ಟವನಲ್ಲ.

ಅವನಿಗೆ ಇನ್ನೊಂದು ಮಡಿಯಿತ್ತು. ಅಂಗಡಿಯ ವೈಫೈಯನ್ನು ಗಿರಾಕಿಗಳ ಯಂತ್ರಕ್ಕೆ ಮುಟ್ಟಿಸುತ್ತಿರಲಿಲ್ಲ. ಹಿಂದೊಮ್ಮೆ ಪಾಸ್‌ವರ್ಡ್ ಹೊರಬಿದ್ದು, ಎದುರಿನ ಟೀ ಅಂಗಡಿಗೆ ಬಂದವರೆಲ್ಲ ಕ್ರಿಕೆಟ್ ನೋಡುತ್ತ ಬೇರುಬಿಟ್ಟಿದ್ದರು. ಅಂದಿನಿಂದ ಹೆಂಡತಿಗೂ ಅದನ್ನು ಹೇಳಿಲ್ಲ. ರಿಪೇರಿಯಾದ ಯಂತ್ರ ಆನ್ ಆದರೆ ಸಾಕು, ಚೀಲಕ್ಕೆ ತುರುಕಿ ಕಳಿಸಿಬಿಡುತ್ತಿದ್ದ.

ಇಂಥವನ ಕೈಗೆ ನ್ಯಾಮತಿಯ ಟೈಲರ್ ದುರ್ಗಾಂಬಿಕಾ ಸಿಕ್ಕಿಬಿದ್ದಳು. ಲ್ಯಾಪ್‌ಟಾಪ್ ನಿಧಾನವಾಯಿತೆಂದು ತಂದವಳಿಗೆ ಫಾರ್ಮ್ಯಾಟ್ ಆಯಿತು. ಅವಳು ನೆಟ್‌ನಲ್ಲಿ ಬ್ಲೌಸ್ ಕಟಿಂಗ್ ಕಲಿಸಲು ಹೊರಟಿದ್ದಳು. ಹೊನ್ನಾಳಿ, ಜಗಳೂರಿನ ಹೆಂಗಸರು ಸೇರಿದ್ದರು. ಮೊದಲ ಪಾಠದಲ್ಲಿ ಬಾಯಿ ತೆರೆಯುವಷ್ಟರಲ್ಲೇ ಪರದೆ ನೀಲಿಗಟ್ಟಿ, ಒಂದು ಅಳುಮೋರೆ ಮೂಡಿ, ಯಂತ್ರ ಆರಿಹೋಯಿತು. ಮತ್ತೆ ಅಂಗಡಿಗೆ ತಂದಳು. ಮತ್ತೆ ಫಾರ್ಮ್ಯಾಟ್. ಅಂಗಡಿಯಲ್ಲಿ ಅದು ಚೆನ್ನಾಗಿಯೇ ಓಡಿತು.

"ಯಂತ್ರ ಸರಿ ಐತ್ರೀ ಅಕ್ಕಾ. ನಿಮ್ಮ ಮನೆ ಕರೆಂಟೇ ಸರಿ ಇಲ್ಲ," ಎಂದ ಮಾಲತೇಶ.

ಎರಡನೇ ಪಾಠಕ್ಕೂ ಅದೇ ಗತಿ. ಫೋನಿನ ಅಂಗೈಯಗಲದ ಪರದೆಯಲ್ಲಿ ಅಷ್ಟು ಹೆಂಗಸರ ಕೈತಪ್ಪು ಹುಡುಕಲಾಗದು. ಇನ್ನೊಮ್ಮೆ ಕೈಕೊಟ್ಟರೆ ಬೇರೆ ಕಡೆ ಸೇರುತ್ತೇವೆಂದು ಅವರೂ ಹೇಳಿಬಿಟ್ಟಿದ್ದರು. ಮೂರನೇ ಪಾಠದ ದಿನ ಬೆಳಿಗ್ಗೆಯೇ ದುರ್ಗಾಂಬಿಕಾ ಕೊರಳಲ್ಲಿ ಟೇಪು, ಕಂಕುಳಲ್ಲಿ ಲ್ಯಾಪ್‌ಟಾಪು ಸಮೇತ ಬಂದು ಅಂಗಡಿಯ ಏಕೈಕ ಕುರ್ಚಿಯಲ್ಲಿ ಕೂತಳು.

"ಇವತ್ತು ನಾನು ಏಳಾಕಿಲ್ಲ. ಮನ್ಯಾಗೆ ನೆಟ್ ಹಾಕಿದ ಕೂಡ್ಲೇ ಸಾಯ್ತೈತೆ. ಇಲ್ಲೂ ನೆಟ್ ಹಾಕಿ ತೋರಿಸ್ರಿ."

"ಇಲ್ಲಿ ನೆಟ್ ವೀಕ್ ಐತ್ರೀ."

"ಹಂಗಾದ್ರೆ ನೀವು ನೋಡ್ತಿರೋ ಸಿನಿಮಾ ಹೆಂಗೆ ಓಡ್ತೈತೆ?"

ಮಾಲತೇಶ ಅಂಗೈ ಮರೆಮಾಡಿ, ಗುಟ್ಟಿನ ಮಂತ್ರ ಜಪಿಸುವವನ ಹಾಗೆ ಪಾಸ್‌ವರ್ಡ್ ಒತ್ತಿದ. ವೈಫೈ ಹತ್ತಿತು. ಪರದೆ ನೀಲಿಯಾಯಿತು. ಅವಳು ತಟ್ಟನೆ ಫೋಟೋ ಹೊಡೆದು ಅವನ ಮೂಗಿಗೆ ಹಿಡಿದಳು.

"ಕೆಳಗೆ ಸಣ್ಣಕ್ಷರದಾಗೆ ಏನೋ ಬರ್ದೈತೆ. ಓದ್ರಿ."

ಆ ಸಣ್ಣಕ್ಷರವನ್ನು ಇಷ್ಟು ವರ್ಷ ಅವನು ಓದಿದ್ದೇ ಇಲ್ಲ. ಫಾರ್ಮ್ಯಾಟ್ ಇರುವಾಗ ಓದುವ ಕರ್ಮ ಯಾಕೆ? ಈಗ ಓದಿದ. ಕೆಟ್ಟ ಫೈಲಿನ ಹೆಸರು ಅಲ್ಲಿತ್ತು. ವೈಫೈಯ ಡ್ರೈವರ್. ಅವನದೇ ಪೆನ್‌ಡ್ರೈವಿನದು, ಈ ಯಂತ್ರ ಹುಟ್ಟುವ ಮೊದಲಿನದು. ಪ್ರತಿ ಸಲ ಅಳಿಸಿ, ಪ್ರತಿ ಸಲ ಅದೇ ವಿಷವನ್ನು ತಾನೇ ಕುಡಿಸುತ್ತಿದ್ದ. ಮಾಲತೇಶನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹಿಂದೆ ಎಷ್ಟು ಮನೆಗಳ ಕರೆಂಟನ್ನು ಬೈದಿದ್ದೇನೋ ಎಂದು ಹೆದರಿಕೆಯಾಯಿತು.

"ಕರೆಂಟೇನ್ರೀ?" ಅಂದಳು ದುರ್ಗಾಂಬಿಕಾ.

"ಅಲ್ರೀ... ನಂದೇ," ಅಂದ.

ಸರಿಯಾದ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ವೈಫೈ ಹಾಕಿದರೆ ಯಂತ್ರ ಸಾಯುತ್ತದೆ. ಕೊನೆಗೆ ವೈಫೈ ಆರಿಸಿ, ತನ್ನ ಫೋನನ್ನೇ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಕಟ್ಟಿ, ಅದರ ನೆಟ್ ಕೊಟ್ಟ. ಹಳೆಯ ಡ್ರೈವರನ್ನು ಬುಡಸಮೇತ ಕಿತ್ತ. ಕಂಪನಿಯ ಪುಟದಿಂದ ಆ ಮಾಡೆಲ್ಲಿನ ಡ್ರೈವರನ್ನೇ ಇಳಿಸಿ ಕೂರಿಸುವಷ್ಟರಲ್ಲಿ ಪಾಠದ ಹೊತ್ತು ಬಂದೇಬಿಟ್ಟಿತ್ತು. ನ್ಯಾಮತಿಗೆ ಹೋಗಿ ಮುಟ್ಟುವ ಮಾತೇ ಇರಲಿಲ್ಲ.

"ಇಲ್ಲೇ ಮಾಡ್ತೀನಿ. ನಿಮ್ಮ ವೈಫೈನಾಗೇ," ಎಂದು ಅವಳು ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್‌ಗಳನ್ನು ಒತ್ತಟ್ಟಿಗೆ ಸರಿಸಿದಳು. ಮಾಲತೇಶ ಈ ಸಲ ಅಂಗೈ ಮರೆಮಾಡಲಿಲ್ಲ.

ವೈಫೈ ಹತ್ತಿತು. ಪರದೆಯ ತುಂಬ ಹೆಂಗಸರ ಮುಖಗಳು ಮೂಡಿದವು.

"ಇವತ್ತು ಮೈ ಅಳತೆ ತಗೊಳ್ಳಾದು ಕಲಿಯಾನ," ಎಂದವಳು ಮೈಕೂ ಕ್ಯಾಮೆರಾವೂ ಆರಿಸಿ ಸುತ್ತ ನೋಡಿದಳು. ಮನೆಯಲ್ಲಾಗಿದ್ದರೆ ಪಕ್ಕದ ಮನೆಯ ಸಂಧ್ಯಾರಾಣಿ ಅಳತೆಗೆ ನಿಲ್ಲುತ್ತಿದ್ದಳು. ಇಲ್ಲಿ ಇದ್ದದ್ದು ಒಂದೇ ಮೈ.

"ಮಾಲತೇಶಣ್ಣ, ಇತ್ತ ಬರ್ರಿ. ಕೈ ಎತ್ರಿ."

"ಅಕ್ಕಾ, ಬ್ಲೌಸಿಗೇನ್ರೀ?"

"ಎತ್ರಿ ಅಂದ್ರೆ ಎತ್ರಿ."

ಎತ್ತಿದ. ಅವನ ಕೊರಳ ಕೆಳಗಷ್ಟೇ ಕಾಣುವಂತೆ ಪರದೆ ವಾಲಿಸಿ, ಅವಳು ಮತ್ತೆ ಕ್ಯಾಮೆರಾ, ಮೈಕು ಹಾಕಿದಳು. ಎದೆಸುತ್ತಳತೆ, ಭುಜ, ತೋಳು, ಬೆನ್ನಿನ ಉದ್ದ ಎಂದು ಅವಳು ಟೇಪು ಸುತ್ತುತ್ತ ಬಂದಳು. ಮಾಲತೇಶನ ಕಣ್ಣು ಪರದೆಯನ್ನು ಬಿಟ್ಟು ಕದಲಲಿಲ್ಲ. ಎಲ್ಲಿ ನೀಲಿಯಾದೀತೋ, ಈಕೆಯ ಹೊಟ್ಟೆಪಾಡಿಗೆ ಎಲ್ಲಿ ಮತ್ತೆ ಕಲ್ಲು ಬಿದ್ದೀತೋ ಎಂದು ಜೀವ ಬಿಗಿಹಿಡಿದು ನಿಂತಿದ್ದ. ಟೀ ಅಂಗಡಿಯವರು ಬಾಗಿಲಲ್ಲಿ ಗುಂಪುಗೂಡಿ ಹಲ್ಲು ಕಿಸಿದರೂ ಕೈ ಇಳಿಸಲಿಲ್ಲ. ಪಾಠ ಅರ್ಧ ದಾಟಿತು. ಪರದೆ ನೀಲಿಯಾಗಲಿಲ್ಲ. ಆಗ ಅವನು ತಡೆದಿಟ್ಟಿದ್ದ ಉಸಿರನ್ನು ಒಮ್ಮೆಲೇ ಬಿಟ್ಟ. ಟೇಪು ಜಾರಿ ಕೆಳಗೆ ಬಿತ್ತು.

"ಅಯ್ಯೋ ಟೀಚರ್ರೇ!" ಜಗಳೂರಿನ ಹೆಂಗಸೊಬ್ಬಳು ಕಿರುಚಿದಳು. "ನಿಮ್ಮ ಗೊಂಬೆ ಉಸಿರಾಡ್ತೈತಲ್ರೀ!"

"ಹ್ಞೂಂ," ಎಂದಳು ದುರ್ಗಾಂಬಿಕಾ, ಬಗ್ಗಿ ಟೇಪು ಎತ್ತಿಕೊಳ್ಳುತ್ತ. "ಇವತ್ತು ಬೆಳಿಗ್ಗೆನೇ ರಿಪೇರಿ ಮಾಡ್ಸಿದೀನಿ."