ಸಾಹೇಬರ ಜೊತೆ ಊಟ

ಹೋದ ಭಾನುವಾರ ಅರಸೀಕೆರೆಯ ನಮ್ಮ ಆಫೀಸಿನಲ್ಲಿ, ಬೆಂಗಳೂರಿನಿಂದ ಬಂದ ಮಹಾನುಭಾವರೊಬ್ಬರು ಬೋರ್ಡಿನ ಮೇಲೆ ತಕ್ಕಡಿಯ ಚಿತ್ರ ಬರೆದರು. ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಸಂಸಾರ. ಎರಡನ್ನೂ ಸಮವಾಗಿ ತೂಗಿಸಿಕೊಂಡು ಹೋಗುವುದು ಹೇಗೆಂದು ಸಂಜೆಯವರೆಗೆ ಪಾಠ. ಸಂಸಾರಕ್ಕೆ ಹೊತ್ತು ಕೊಡಿ ಎಂದು ಹೇಳುವುದಕ್ಕೆ ಸಂಸಾರಸ್ಥರನ್ನೆಲ್ಲ ಭಾನುವಾರವೇ ಮನೆಯಿಂದ ಎಬ್ಬಿಸಿ ತರಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ನೀವೇ ಹೇಳಿ. ಆದೇಶವೇನೋ ಮೇಲಿನಿಂದ ಬಂದದ್ದು. ಎಲ್ಲರೂ ತಪ್ಪದೆ ಬರಬೇಕೆಂದು ಅದರ ಕೆಳಗೆ ರುಜು ಹಾಕಿದವಳು ಮಾತ್ರ ನಾನು; ಆ ಆಫೀಸಿಗೆ ಈಗ ನಾನೇ ಮುಖ್ಯಸ್ಥೆ.

ಪಾಠ ಕೇಳುತ್ತಾ ನನಗೆ ನಮ್ಮಪ್ಪ ನೆನಪಾದರು. ಅವರು ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆ ಹಳೇಬೀಡಿನಲ್ಲಿ, ಬಸದಿಯ ಹತ್ತಿರ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಸಂಜೆ ಬಸ್ಸಿಳಿದವರು ಓಡೋಡಿ ಬಂದು, ಕೈಕಾಲು ತೊಳೆದು, ನೇರ ತಟ್ಟೆಯ ಮುಂದೆ ಕೂರುತ್ತಿದ್ದರು. ಒಬ್ಬರೇ ಬಂದಿದ್ದರೆ ಚೆನ್ನಾಗಿತ್ತು. ತಮ್ಮ ಸಾಹೇಬರನ್ನೂ ಕರೆದುಕೊಂಡು ಬರುತ್ತಿದ್ದರು, ಬಾಯಲ್ಲಿ. ಆ ಸಾಹೇಬರನ್ನು ನಾನಾಗಲಿ ನನ್ನ ತಮ್ಮನಾಗಲಿ ಒಂದು ದಿನವೂ ಕಂಡವರಲ್ಲ. ಆದರೂ ಅವರು ನಶ್ಯ ಏರಿಸಿದ ಮೇಲೆ ಯಾರ ಗ್ರಹಚಾರ ಬಿಡಿಸುತ್ತಾರೆ, ಅವರ ಅಳಿಯ ಎಂಥ ಸೋಮಾರಿ, ಎಲ್ಲವೂ ನಮಗೆ ಬಾಯಿಪಾಠ. ನಮ್ಮ ಸ್ವಂತ ಸೋದರಮಾವನ ಬಗ್ಗೆಯೂ ಅಷ್ಟು ಗೊತ್ತಿರಲಿಲ್ಲ. ಕಚೇರಿಯಲ್ಲಿ ಆಡಲಾಗದ ಶೌರ್ಯದ ಮಾತನ್ನೆಲ್ಲ ಅಪ್ಪ ಹುಳಿಯ ಪಾತ್ರೆಯ ಮುಂದೆ ಆಡುತ್ತಿದ್ದರು. ಹುಳಿ ಎದುರು ಮಾತಾಡುವುದಿಲ್ಲವಲ್ಲ.

ಒಂದು ಸಂಜೆ ಅಮ್ಮ ಬಡಿಸುವುದನ್ನು ನಿಲ್ಲಿಸಿ ಕೇಳಿಯೇಬಿಟ್ಟಳು.

“ನಿಮ್ಮ ಸಾಹೇಬ್ರ ಅಳಿಯಂಗೆ ಕೆಲಸ ಹೋಗಿರೋದು ನಮಗೆಲ್ಲ ಗೊತ್ತೈತೆ. ನಿಮ್ಮ ಮಗ ಒಂದು ವಾರದಿಂದ ಸ್ಕೂಲಿಗೆ ಹೋಗಿಲ್ಲ, ಅದು ನಿಮಗೆ ಗೊತ್ತೇನ್ರೀ?”

ಗೊತ್ತಿರಲಿಲ್ಲ. ಮಗ ಅವರ ಪಕ್ಕದಲ್ಲೇ ಕೂತು ಕೆಮ್ಮುತ್ತಿದ್ದ.

ಆ ವರ್ಷದ ಚಾತುರ್ಮಾಸದಲ್ಲಿ ಮಿಕ್ಕವರೆಲ್ಲ ಬಸದಿಗೆ ಹೋಗಿ ಬೆಲ್ಲವನ್ನೋ ತುಪ್ಪವನ್ನೋ ಬಿಡುವ ನಿಯಮ ತೆಗೆದುಕೊಂಡರೆ, ಅಮ್ಮ ಅಪ್ಪನಿಂದ ಮನೆಯಲ್ಲಿ ಕಚೇರಿಯ ಮಾತು ಬಿಡುವ ನಿಯಮ ಮಾಡಿಸಿದಳು. ಮೊದಲ ಸಂಜೆ ಅಪ್ಪ ಬಾಯಿ ತೆರೆದರು, ಮುಚ್ಚಿದರು. ಹೇಳಲು ಬೇರೇನೂ ಇರಲಿಲ್ಲ, ಪಾಪ. ಮರುದಿನವೂ ಅದೇ. ಸಾಹೇಬರನ್ನು ಹೊರಗೆ ಕಳಿಸಿದರೆ ಒಳಗೆ ಅಪ್ಪ ಅನ್ನುವವರೇ ಇಲ್ಲವೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಕೊನೆಗೆ ಒಂದು ಸಂಜೆ ತಮ್ಮನ ಕಡೆ ತಿರುಗಿ, ಬಸ್ಸಿನಲ್ಲಿ ಗುರುತಿಲ್ಲದವರನ್ನು ಮಾತಾಡಿಸುವ ಹಾಗೆ, ಸ್ಕೂಲಿನಲ್ಲಿ ಯಾರ ಪಕ್ಕ ಕೂರುತ್ತೀಯಾ ಎಂದು ಕೇಳಿದರು. ಅವನು ಹೇಳಿದ. ಹೇಳುತ್ತಲೇ ಹೋದ. ಹೊತ್ತು ಮುಳುಗಿದ್ದು ಯಾರಿಗೂ ತಿಳಿಯಲಿಲ್ಲ. ಮಜ್ಜಿಗೆ ಅನ್ನ ತಟ್ಟೆಯಲ್ಲೇ ಉಳಿಯಿತು. ನೇಮದ ಅಮ್ಮ ಅಂದು ಯಾರನ್ನೂ ಗದರಲಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಟೀ ಬಿಡುವು ಬಂತು. ನಮ್ಮ ಗುಮಾಸ್ತರೊಬ್ಬರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು, ಪುಟ್ಟ ಮಗಳನ್ನೂ ಕರೆತಂದಿದ್ದರು. ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಮಗು ಎದುರಿಗೆ ಬಂದು ನಿಂತು ನನ್ನನ್ನೇ ನೋಡಿತು.

“ಕನ್ನಡಕ ತೆಗೆದ್ರೆ ನೀವು ಬಯ್ಯಕ್ಕೆ ಶುರು ಮಾಡ್ತೀರಂತೆ. ಈಗ ಯಾರಿಗೆ ಬಯ್ತೀರಾ ಮೇಡಂ?”

ಗುಮಾಸ್ತರು ಓಡಿಬಂದು ಮಗಳನ್ನು ಹಿಂದಕ್ಕೆಳೆದುಕೊಂಡರು. ಕೈಯಲ್ಲಿದ್ದ ಟೀ ಚೆಲ್ಲಿತು. ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಅರಸೀಕೆರೆಯ ಎಷ್ಟು ಮನೆಗಳ ಊಟಕ್ಕೆ ಯಾರೂ ಕರೆಯದೆಯೇ ನಾನು ಹೋಗಿ ಕೂತು ಬಂದಿದ್ದೇನೋ ಯಾರಿಗೆ ಗೊತ್ತು.

ಕನ್ನಡಕ ಹಾಕಿಕೊಂಡು, ಇವತ್ತಿಗೆ ಸಾಕು, ಎಲ್ಲರೂ ಹೊರಡಿ ಎಂದೆ. ಬೆಂಗಳೂರಿನವರು ಗಾಬರಿಯಾದರು, ಮುಖ್ಯವಾದ ಭಾಗವೇ ಇನ್ನೂ ಬಾಕಿ ಇದೆಯಂತೆ. ಅದನ್ನು ನನಗೊಬ್ಬಳಿಗೇ ಹೇಳಿ, ಇವರು ಮನೆಗೆ ಹೋಗಲಿ ಎಂದೆ.