ಭಾಗಮ್ಮ ತಾನಾಗಿ ಏಳುವವರೆಗೆ

ಹುಮನಾಬಾದಿನ ಭಾಗಮ್ಮ ಟಾಂಗಾ ಹತ್ತಿದರೆ ಕುದುರೆ ಗಾಳಿಗೇರುತ್ತದೆ, ಬಸ್ ಸ್ಟ್ಯಾಂಡಿನಿಂದ ಆಕೆಯ ಮನೆಯ ತನಕ ಅದರ ಕಾಲು ನೆಲಕ್ಕೆ ತಾಗುವುದಿಲ್ಲ, ಟಾಂಗಾದ ಮಹೆಬೂಬ ಲಗಾಮು ಬಿಟ್ಟು ಕುದುರೆಯ ಬಾಲ ಹಿಡಿದು ಕೂಡುತ್ತಾನೆ ಎಂದು ಊರಲ್ಲಿ ಹೇಳುತ್ತಿದ್ದರು. ಹೇಳುತ್ತಿದ್ದವರಲ್ಲಿ ಅರ್ಧ ಮಂದಿ ಆಕೆಯ ಮನೆಯಲ್ಲೇ ಕೂತು, ಆಕೆಯೇ ಮಾಡಿಕೊಟ್ಟ ಚಹಾ ಕುಡಿಯುತ್ತ ಹೇಳುತ್ತಿದ್ದರು. ಭಾಗಮ್ಮ ಕೆಟ್ಲಿ ಹಿಡಿದುಕೊಂಡು ಅವರ ಜೊತೆ ನಗುತ್ತಿದ್ದಳು. ದಪ್ಪಗಿದ್ದವರಿಗೆ ಸಿಟ್ಟು ಬರಬಾರದೆಂದು ಯಾವ ಪುಣ್ಯಾತ್ಮನೋ ಕಾಯಿದೆ ಬರೆದಿಟ್ಟು ಹೋಗಿದ್ದಾನಲ್ಲ, ಅದನ್ನು ಆಕೆ ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದಿದ್ದಳು. ಹೊರಗೆ ಬಿಡದ ಸಿಟ್ಟು ಒಳಗೇ ಕೂತು, ಅದೂ ಮೈ ಹತ್ತಿತ್ತು. ಮೈಯನ್ನೂ ಸಿಟ್ಟನ್ನೂ ತಕ್ಕಡಿಯಲ್ಲಿಟ್ಟು ಬೇರೆ ಬೇರೆ ತೂಗಿದ್ದರೆ ಯಾವುದು ಹೆಚ್ಚಾಗುತ್ತಿತ್ತೋ ದೇವರೇ ಬಲ್ಲ.

ಗಂಡ ಮಹಾರುದ್ರಪ್ಪ ಬಟ್ಟೆ ಅಂಗಡಿಯವನು. ಆತ ಆರು ಜೋಳದ ಭಕ್ಕರಿ ತಿಂದು ಒಣಗಿದ ನುಗ್ಗೆಕಾಯಿಯ ಹಾಗಿದ್ದ. ಭಾಗಮ್ಮ ಎರಡು ತಿಂದು ಹೀಗಿದ್ದಳು. ಇದನ್ನು ಯಾರೂ ನಂಬಲಿಲ್ಲ. ಸೋಮವಾರ ಉಪವಾಸ ಮಾಡಿದಳು, ಗುರುವಾರವೂ ಮಾಡಿದಳು. ಬೇಮಳಖೇಡದ ವೈದ್ಯನ ಪುಡಿ ತಂದು ಬಿಸಿನೀರಲ್ಲಿ ಕುಡಿದಳು. ಆ ಪುಡಿಯಿಂದ ಮನೆಯ ಬೆಕ್ಕು ಕೂಡ ಸಣ್ಣಗಾಯಿತು, ಭಾಗಮ್ಮ ಆಗಲಿಲ್ಲ. "ಕದ್ದು ತಿಂತಾಳ, ಮತ್ತೇನು" ಎಂದು ಬಾಜೂ ಮನೆಯ ಸೋನುಬಾಯಿ ತೀರ್ಪು ಕೊಟ್ಟಳು. ಅಷ್ಟರಲ್ಲಿ ಮೊಣಕಾಲು ಹೋದವು, ಸಕ್ಕರೆ ಕಾಯಿಲೆ ಬಂತು, ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ತಿದಿ ಊದಿದಂತಾಗುತ್ತಿತ್ತು. ನೆಲದ ಮೇಲೆ ಕೂಡುವುದು ಬಿಟ್ಟು ಯಾವ ಕಾಲವಾಗಿತ್ತೋ. ಕೂತರೆ ಏಳಲು ಬರುತ್ತಿರಲಿಲ್ಲ.

ಅದನ್ನೆಲ್ಲ ನುಂಗಿಕೊಂಡಿದ್ದಳು. ನುಂಗಲಾಗದ್ದು ಎಂಬತ್ತೆರಡನೆಯ ಇಸವಿಯಲ್ಲಿ ಬಂತು.

ಬಸವಕಲ್ಯಾಣಕ್ಕೆ ಕೊಟ್ಟ ಮಗಳು ಮಹಾನಂದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ತೊಟ್ಟಿಲ ಕಾರ್ಯ. ತೊಟ್ಟಿಲಿನ ಒಂದು ಕಡೆ ತಾಯಿಯ ತಾಯಿ, ಇನ್ನೊಂದು ಕಡೆ ತಂದೆಯ ತಾಯಿ ನೆಲಕ್ಕೆ ಕೂಡಬೇಕು. ಕೂಸನ್ನು ತೊಟ್ಟಿಲ ಕೆಳಗಿನಿಂದ ಈಕೆಯ ಮಡಿಲಿನಿಂದ ಆಕೆಯ ಮಡಿಲಿಗೆ ದಾಟಿಸಿ, ಆಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಭಾಗಮ್ಮ ಗೋಡೆ ಹಿಡಿದು ಬಗ್ಗತೊಡಗಿದಳು. ಆಗ ಬೀಗತಿ ಕೇಶರಬಾಯಿ ಎಲ್ಲರಿಗೂ ಕೇಳುವಂತೆ ಅಂದಳು:

"ನೀವು ಕುಂದರಬ್ಯಾಡ್ರಿ ಬೀಗತಿಯವರ. ಎಬ್ಬಿಸಾಕ ಹೈವೇದಾಗಿಂದ ಲಾರಿ ಜ್ಯಾಕ್ ತರಸಬೇಕಾದೀತು. ಮ್ಯಾಲ ನಿಮ್ಮ ಮಡ್ಲಾಗ ಕೂಸು ಹಾಕಿದರ, ಹುಡುಕಾಕ ಪೋಲೀಸರು ಬರಬೇಕು."

ಮನೆ ತುಂಬ ನಗು. ಆಕೆಯದೇ ಮನೆಯಲ್ಲಿ, ಆಕೆಯದೇ ಹೋಳಿಗೆ ಉಂಡ ಬಾಯಿಗಳ ನಗು. ಭಾಗಮ್ಮನ ಜಾಗದಲ್ಲಿ ಸೋನುಬಾಯಿ ಕೂತಳು. ಮೊಮ್ಮಗಳು ಸೋನುಬಾಯಿಯ ಮಡಿಲು ದಾಟಿ ತೊಟ್ಟಿಲಿಗೆ ಹೋದಳು. ಭಾಗಮ್ಮ ಗೋಡೆಗೆ ಆತು ನಿಂತು ಕಾಯಿದೆಯ ಪ್ರಕಾರ ನಕ್ಕಳು. ಅದು ಆಕೆ ಆ ಕಾಯಿದೆ ಪಾಲಿಸಿದ ಕೊನೆಯ ಸಲ.

ಭಾಗಮ್ಮನ ತಮ್ಮ ಸಂಗಪ್ಪ ಮುಂಬೈಯ ಬಟ್ಟೆ ಗಿರಣಿಯಲ್ಲಿದ್ದ. ವಿಲಾಯತಿಗೆ ಹೋಗಿ ಬಂದ ಡಾಕ್ಟರೊಬ್ಬರು ಅಲ್ಲಿ ಹೊಟ್ಟೆಯನ್ನೇ ಹೊಲಿದು ಸಣ್ಣ ಮಾಡುತ್ತಾರೆಂಬ ಸುದ್ದಿ ತಂದವನು ಅವನೇ. "ಅಕ್ಕಾ, ಪಾಯಿಜಾಮದ ನಡ ಹಿಡಿಸಿದಂಗ ಹಿಡಿಸ್ತಾರಂತ" ಎಂದ. ಹೇಳಿದ್ದು ತಮಾಷೆಗೆ. ಭಾಗಮ್ಮ ಅಂದೇ ಟ್ರಂಕು ಇಳಿಸಿದಳು.

ಮಹಾರುದ್ರಪ್ಪ ಗಾಬರಿಯಾದ. "ಸುಮ್ಮನ ಇದ್ದ ಹೊಟ್ಟಿ ಯಾಕ ಕೊಯ್ಸ್ಕೋತಿ? ಇದ್ದಂಗ ಇರು. ನಾ ಎಂದಾದ್ರೂ ಏನಾದ್ರೂ ಅಂದೀನೇನು?"

"ಇಲ್ರಿ. ನೀವು ಏನೂ ಅಂದಿಲ್ಲ" ಎಂದಳು ಭಾಗಮ್ಮ, ಸೀರೆ ಮಡಚುತ್ತ. "ಮಂದಿ ಅಂದಾಗೂ ನೀವು ಏನೂ ಅಂದಿಲ್ಲ."

ಮಹಾರುದ್ರಪ್ಪ ಅಂಗಡಿಗೆ ಹೋಗಿ ಆ ದಿನ ಬಂದ ಗಿರಾಕಿಗಳಿಗೆಲ್ಲ ಗಜಕ್ಕೆ ನಾಲ್ಕು ಬೆರಳು ಹೆಚ್ಚು ಅಳೆದುಕೊಟ್ಟನಂತೆ.

ಮುಂಬೈಯ ಡಾಕ್ಟರು ಮರಾಠಿಯಲ್ಲಿ ನೇರವಾಗಿ ಹೇಳಿದರು: ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಕೋಳಿಮೊಟ್ಟೆಯಷ್ಟು ಜಾಗ ಮಾತ್ರ ಬಿಡುತ್ತೇವೆ. ಟೇಬಲ್ಲಿನ ಮೇಲೆ ಜೀವ ಹೋಗಬಹುದು. ಹೋಗದಿದ್ದರೆ ಬದುಕಿರುವ ತನಕ ಮುಷ್ಟಿ ತುತ್ತು, ಅದೂ ಹಿಟ್ಟಾಗುವಂತೆ ಅಗಿದು. ಒಂದು ತುತ್ತು ಹೆಚ್ಚಾದರೆ ಬಂದ ದಾರಿಯಲ್ಲೇ ವಾಪಸು. ಇನ್ನೇನಾದರೂ ಕೇಳುವುದಿದೆಯೆ?

"ನೆಲಕ್ಕ ಕುಂತು ನಾನಾಗೇ ಏಳಾಕ ಬರತದೇನ್ರಿ?" ಎಂದು ಭಾಗಮ್ಮ ತನ್ನ ಮರಾಠಿಯಲ್ಲಿ ಕೇಳಿದಳು.

ಇಂಥ ಪ್ರಶ್ನೆ ವಿಲಾಯತಿಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. "ದಿನಾ ನಡೆದರೆ ಬರುತ್ತದೆ" ಎಂದರು ಡಾಕ್ಟರು. ಭಾಗಮ್ಮ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಮುಂದೆ ಚಾಚಿದಳು.

ಊರವರಿಗೆ ಮನೆಯವರು ಗಡ್ಡೆ ತೆಗೆಸಿದ್ದೆಂದು ಹೇಳಿದರು. ತೆಳ್ಳಗಾಗಲು ಹೊಟ್ಟೆ ಹೊಲಿಸಿಕೊಂಡಳೆಂದು ತಿಳಿದರೆ ಹುಮನಾಬಾದು ನಗುತ್ತ ನಗುತ್ತ ಹೈವೇ ದಾಟಿ ಸೋಲಾಪುರದ ತನಕ ಉರುಳಿ ಹೋಗುತ್ತಿತ್ತು.

ಆಮೇಲಿನ ಬಾಳು ಸುಲಭದ್ದೆಂದು ಯಾರಾದರೂ ತಿಳಿದಿದ್ದರೆ ಅವರ ಹೊಟ್ಟೆಯನ್ನೂ ಒಮ್ಮೆ ಹೊಲಿಸಬೇಕು. ತಿಂಗಳುಗಟ್ಟಲೆ ಗಂಜಿಯ ತಿಳಿ. ಭಕ್ಕರಿ ತಟ್ಟಿ ಗಂಡನಿಗೆ ಹಾಕುವಾಗ ಬಿಸಿ ಜೋಳದ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಟ್ಟೆ ಸಣ್ಣದಾಗಿತ್ತು, ಆಸೆಯನ್ನು ಯಾವ ಡಾಕ್ಟರೂ ಹೊಲಿದಿರಲಿಲ್ಲ. ಒಂದು ದಿನ ತಡೆಯಲಾರದೆ ಕಾಲು ಭಕ್ಕರಿ ಗಬಗಬ ತಿಂದಳು. ಎದೆಯಲ್ಲಿ ಗೂಟ ಹೊಡೆದಂತಾಗಿ ಬಚ್ಚಲಲ್ಲಿ ಬಗ್ಗಿ ಎಲ್ಲವನ್ನೂ ಕಕ್ಕಿದಳು. ಕೂದಲು ಹಿಡಿ ಹಿಡಿ ಉದುರಿತು. ತೋಳಿನ ತೊಗಲು ಜೋತುಬಿದ್ದು, ಕೈ ಎತ್ತಿದರೆ ಗಂಡನ ಅಂಗಡಿಯ ಬಟ್ಟೆಯ ಥಾನು ಬಿಚ್ಚಿದ ಹಾಗೆ ಇಳಿಯುತ್ತಿತ್ತು. ಆದರೂ ದಿನಾ ಹೊತ್ತು ಮೂಡುವಾಗ ಹೈವೇ ತನಕ ನಡೆದಳು. ಬಂದು ಪಡಸಾಲೆಯಲ್ಲಿ ಕಂಬ ಹಿಡಿದು ಕೂತಳು, ಕಂಬ ಹಿಡಿದು ಎದ್ದಳು. ಆಮೇಲೆ ಕಂಬ ಬಿಟ್ಟಳು.

ಮಂದಿ? ಮಂದಿ ಈಗ ಮರುಗತೊಡಗಿದರು. "ಅಯ್ಯೋ, ತುಂಬಿದ ಕಣಜದಂಗ ಇದ್ದ ಹೆಣಮಗಳು. ದೊಡ್ಡ ರೋಗ ಅಂತ" ಎಂದು ಸೋನುಬಾಯಿ ಸೆರಗು ಕಣ್ಣಿಗೊತ್ತಿಕೊಂಡಳು. ಕಣಜವಾಗಿದ್ದಾಗ ಕದ್ದು ತಿನ್ನುತ್ತಾಳೆಂದದ್ದು ಇದೇ ಬಾಯಿ. ಮಹೆಬೂಬ ಮಾತ್ರ ಟಾಂಗಾ ಹೊಡೆದು ಅರ್ಧ ದಾರಿಗೆ ಹಿಂದೆ ತಿರುಗಿ, "ಅಮ್ಮಾ, ಕುಂತೀರಲ್ಲ? ಘೋಡಾಕ್ಕ ಖಬರೇ ಇಲ್ಲ" ಎಂದು ಕೇಳಿದ. ಅದಕ್ಕೆ ಆಕೆಗೆ ಖರೆಯಾದ ನಗು ಬಂತು.

ಭಾಗಮ್ಮ ಇನ್ನೂ ಚೇತರಿಸಿಕೊಳ್ಳುತ್ತಿದ್ದಳೆಂದು ಮಹಾನಂದಾಳ ಎರಡನೆಯ ಹೆರಿಗೆ ಬಸವಕಲ್ಯಾಣದಲ್ಲೇ ಆಯಿತು. ಮತ್ತೆ ಹೆಣ್ಣು. ಎಂಬತ್ತೈದರಲ್ಲಿ ತೊಟ್ಟಿಲ ಕಾರ್ಯಕ್ಕೆ ಬೀಗರು ಕರೆದರು. ಗಂಡನ ಜೊತೆ ಬಸ್ ಹತ್ತಿದ ಭಾಗಮ್ಮ ಒಂದೇ ಸೀಟಿನಲ್ಲಿ ಕೂತು ಹೋದಳು, ಹಲ್ಲು ಕಚ್ಚಿಕೊಂಡು. ಇವತ್ತು ಆಕೆಗೆ ಬೇಕಾದದ್ದು ಒಂದೇ. ತೊಟ್ಟಿಲ ಪಕ್ಕದ ಆ ಮೊಳ ನೆಲ.

ಮೊದಲು ಊಟ. ಪಂಗತಿಯ ತುದಿಗೆ, ಹಳೆಯ ನೆನಪಿನಿಂದ, ಭಾಗಮ್ಮನಿಗೆಂದು ಮೇಜು ಕುರ್ಚಿ ಹಾಕಿದ್ದರು. ಬೀಗರ ಮನೆಯಲ್ಲಿ ಬೀಗರು ಉಣ್ಣದಿದ್ದರೆ ಏನರ್ಥವೆಂದು ಆ ಸೀಮೆಯ ಕೂಸಿಗೂ ಗೊತ್ತು: ಮುನಿಸು. ಏನೋ ತಪ್ಪಾಗಿದೆ, ಅದನ್ನು ಬಾಯಿಬಿಡಿಸಿ, ಕೈಹಿಡಿದು ರಮಿಸಿ ಉಣ್ಣಿಸಬೇಕು. ಇಲ್ಲದಿದ್ದರೆ ಸಂಬಂಧ ಮುರಿದಂತೆ. ಭಾಗಮ್ಮ ಅರ್ಧ ಹೋಳಿಗೆ ಮುರಿದು, ಅದರಲ್ಲೂ ಚೂರು ತಿಂದು, ಎಲೆಗೆ ಕೈ ಅಡ್ಡ ಇಟ್ಟಳು. ಬಡಿಸುವವಳು ಬುಟ್ಟಿ ಹಿಡಿದು ಓಡಿ ಹೋಗಿ ಕೇಶರಬಾಯಿಗೆ ಹೇಳಿದಳು. ಕೇಶರಬಾಯಿ ತುಪ್ಪದ ಗಿಂಡಿ ಹಿಡಿದು ಬಂದಳು.

"ಯಾಕ್ರಿ ಬೀಗತಿಯವರ? ಏನು ಕಮ್ಮಿ ಆಯ್ತು?"

"ಏನೂ ಇಲ್ರಿ. ಹೊಟ್ಟಿ ತುಂಬ್ಯಾದ."

ಈ ಮಾತನ್ನು ಭಾಗಮ್ಮನ ಬಾಯಿಂದ ಆ ಮನೆ ನಂಬುವುದು ಸಾಧ್ಯವಿರಲಿಲ್ಲ. ಬೀಗ ಬಸವಣಪ್ಪ ಬಾಗಿಲಲ್ಲಿ ನಿಂತು ಕೈ ಮುಗಿದ. "ಬಸ್ ಸ್ಟ್ಯಾಂಡಿಗೆ ಮನಷಾನ್ನ ಕಳಸಲಿಲ್ಲ, ಅದು ನಮ್ಮ ತಪ್ಪು. ಊಟದ ಮ್ಯಾಲ ಸಿಟ್ಟು ಬ್ಯಾಡ್ರಿ."

"ಸಿಟ್ಟಲ್ರಿ ಅದು."

ಕೇಶರಬಾಯಿ ತಗ್ಗಿದ ದನಿಯಲ್ಲಿ, "ಹೋದ ಸಲ ನಿಮಗ ಕೊಟ್ಟ ಸೀರಿ ನಮಗ ಮಂದಿ ಕೊಟ್ಟ ಆಹೇರಿದಾಗಿಂದು, ಅದು ಗೊತ್ತಾತೇನು?" ಎಂದಳು.

ಅದು ಭಾಗಮ್ಮನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಆಕೆ ಕಾದಳು. ಇಷ್ಟೆಲ್ಲ ಒಪ್ಪಿಕೊಳ್ಳುತ್ತಿದ್ದಾರಲ್ಲ, ಅದೊಂದನ್ನೂ ಅಂದಾರೆಂದು ಕಾದಳು. ಅವರು ಚಹಾಕ್ಕೆ ಸಕ್ಕರೆ ಕಮ್ಮಿಯಾದದ್ದನ್ನು ಒಪ್ಪಿಕೊಂಡರು, ಮದುವೆಯ ವೇಳೆ ಎಲೆ ಅಡಿಕೆ ತಡವಾದದ್ದನ್ನು ಒಪ್ಪಿಕೊಂಡರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಿಜಾಮನ ಕಾಲದಲ್ಲಿ ಅವರ ಮುತ್ತಜ್ಜ ಕದ್ದ ಎತ್ತನ್ನೂ ಒಪ್ಪಿಕೊಳ್ಳುತ್ತಿದ್ದರು. ಲಾರಿ ಜ್ಯಾಕಿನ ಮಾತು ಯಾರ ನೆನಪಿಗೂ ಬರಲಿಲ್ಲ. ಅವರ ಲೆಕ್ಕದಲ್ಲಿ ಅದು ತಪ್ಪೇ ಆಗಿರಲಿಲ್ಲ.

"ಹಂಗಾರ ನನ್ನ ಕೈಲೆ ಒಂದು ತುತ್ತು" ಎಂದು ಕೇಶರಬಾಯಿ ತುಪ್ಪ ಸೋರುವ ಇಡೀ ಹೋಳಿಗೆ ಮಡಚಿ ಆಕೆಯ ಬಾಯಿಗೆ ಹಿಡಿದಳು. ಭಾಗಮ್ಮ ಆ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ನಂಗ ಗಡ್ಡಿ ಆಗಿದ್ದಿಲ್ಲ, ಕೇಶರಬಾಯಿ. ಹೊಟ್ಟಿ ಹೊಲಿಸ್ಕೊಂಡು ಬಂದೀನಿ. ತತ್ತಿಯಷ್ಟೇ ಅದ ಈಗ. ಇದನ್ನ ತಿಂದರ ನಿನ್ನ ಮುಂದೇ ಕಕ್ಕತೀನಿ. ಅದಕ್ಕ ತಿನ್ನವಲ್ಲೆ." ದನಿ ಏರಿರಲಿಲ್ಲ. "ಇನ್ನ ಸಿಟ್ಟಂತೂ ಅದ. ಅದು ಬ್ಯಾರೆ. ನನ್ನ ಮನ್ಯಾಗ, ನನ್ನ ಮೊಮ್ಮಗಳ ತೊಟ್ಟಿಲ ಮುಂದ, ನನ್ನ ಎಬ್ಬಿಸಾಕ ಲಾರಿ ಜ್ಯಾಕ್ ಬೇಕು ಅಂದಿ. ಅದಕ್ಕ ಹೊಲಿಸ್ಕೊಂಡೆ."

"ಅಯ್ಯ, ಅದು ನಗಚಾಟಿಕಿ ಅಲ್ಲೇನು" ಎಂದಳು ಕೇಶರಬಾಯಿ. "ನೀವೂ ನಕ್ಕಿದ್ರಿ."

"ನಕ್ಕಿದ್ದೆ. ಅದೇ ನನ್ನ ತಪ್ಪು."

ಬಾಗಿಲಾಚೆ ಮಹಾರುದ್ರಪ್ಪ ಗಂಟಲು ಸರಿಮಾಡಿಕೊಂಡು, "ನೋಡ್ರಿ ಬೀಗರ..." ಎಂದು ಶುರುಮಾಡಿದ.

"ನೀವು ಉಣ್ಣ ಹೋಗ್ರಿ" ಎಂದಳು ಭಾಗಮ್ಮ. "ಭಾಳ ತಡಾ ಆಯ್ತು."

ಸಂಜೆ ತೊಟ್ಟಿಲು ಕಟ್ಟಿದರು. ಭಾಗಮ್ಮ ಯಾವ ಗೋಡೆಯನ್ನೂ ಹಿಡಿಯದೆ ಕೆಳಗೆ ಜಮಖಾನದ ಮೇಲೆ ಕೂತಳು, ಪಟ್ಟಾಗಿ, ಚಕ್ಕಳಮಕ್ಕಳ ಹಾಕಿ. ಮಹಾನಂದಾ ಕೂಸನ್ನು ತಂದು ತಾಯಿಯ ಮಡಿಲಲ್ಲಿ ಹಾಕಿದಳು. ಕೂಸು ಎಲ್ಲೂ ಕಳೆದುಹೋಗಲಿಲ್ಲ. ಎದುರಿಗೆ ಕೇಶರಬಾಯಿ ತುಟಿ ಬಿಗಿದುಕೊಂಡು ಕೈಚಾಚಿ ಕೂತಳು. ಭಾಗಮ್ಮ ದಾಟಿಸಿದಳು, ಮರಳಿ ಪಡೆದಳು, ತೊಟ್ಟಿಲಿಗೆ ಹಾಕಿದಳು. ಹೆಸರಿಟ್ಟರು, ಗುಗ್ಗರಿ ಹಂಚಿದರು. ಕೂಸು ಅತ್ತಿತೆಂದು ಎತ್ತಿ ಮತ್ತೆ ಅದೇ ಮಡಿಲಿಗೆ ಕೊಟ್ಟರು.

ಕೇಶರಬಾಯಿ ಎದ್ದಳು. ಆಕೆಗೂ ವಯಸ್ಸಾಗಿತ್ತು, ಸೊಸೆಯ ಭುಜ ಹಿಡಿದು ಎದ್ದಳು. ಜಮಖಾನ ಸುತ್ತಬೇಕಾಗಿತ್ತು, ದೀಪ ಹಚ್ಚಬೇಕಾಗಿತ್ತು. ಇಬ್ಬರು ಹೆಂಗಸರು ಹಳೆಯ ರೂಢಿಯಿಂದ ಭಾಗಮ್ಮನ ಎರಡೂ ಕಡೆ ಬಂದು ರಟ್ಟೆಗೆ ಕೈ ಹಾಕಿದರು.

"ಕೈ ತಗೀರಿ" ಎಂದಳು.

ತೆಗೆದರು. ಆಕೆ ಏಳಲಿಲ್ಲ. ತಾನು ಏಳಬಲ್ಲೆನೆಂಬುದು ಹುಮನಾಬಾದಿನ ಪಡಸಾಲೆಯ ಕಂಬಕ್ಕೆ ಗೊತ್ತಿತ್ತು, ಅಷ್ಟು ಸಾಕು. ಸೆರಗಿನ ಗಂಟಿನಿಂದ ಒಂದು ಖರ್ಜೂರ ತೆಗೆದು, ಹಿಟ್ಟಾಗುವಂತೆ ಅಗಿಯುತ್ತ, ಮೊಮ್ಮಗಳನ್ನು ತಟ್ಟುತ್ತ ಕೂತಳು. ಜಮಖಾನದ ತುದಿ ಹಿಡಿದುಕೊಂಡು ಬೀಗರ ಮಂದಿಯೆಲ್ಲ ಸುತ್ತ ನಿಂತೇ ಇದ್ದರು.